ಬಾಗಿಲು ಮುಚ್ಚುವ ಹಬ್ಬ

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ಹಬ್ಬಗಳಿಗೆ ಇಟ್ಟುಕೊಂಡಿದ್ದ ಹಳೆಯ ಹೆಸರುಗಳು ಹೀಬ್ರೂ ಭಾಷೆಯವಲ್ಲ, ಮರಾಠಿಯವು. ಹೊಸ ವರ್ಷವಾದ ರೋಶ್ ಹಶಾನಾಕ್ಕೆ ಅವರು ‘ನವ್ಯಾಚಾ ಸಣ’ ಎನ್ನುತ್ತಿದ್ದರು, ಹೊಸತರ ಹಬ್ಬ. ಪಾಯಸ ಮಾಡುವ ಹಬ್ಬ ‘ಖಿರೀಚಾ ಸಣ’. ಜೆರುಸಲೇಮಿನ ದೇಗುಲ ನಾಶವಾದುದನ್ನು ನೆನೆದು ದುಃಖಿಸುವ ದಿನ ‘ಬಿರ್ಡ್ಯಾಚಾ ಸಣ’. ಬಿರ್ಡೆ ಅಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ಅವರೆ ಜಾತಿಯ ಕಾಳು, ನಮ್ಮ ಹಿತಕಿದ ಅವರೆಯ ನೆಂಟ. ಮೂಲದ ಹೆಸರು ಮರೆತುಹೋದರೂ ಅಡುಗೆಮನೆ ಹಬ್ಬವನ್ನು ಮರೆಯಲಿಲ್ಲ ಅನ್ನುವುದಕ್ಕೆ ಇವು ಸಾಕ್ಷಿ.

ಈ ಪಟ್ಟಿಯಲ್ಲಿ ಊಟಕ್ಕೆ ಸಂಬಂಧಿಸದ ಒಂದು ಹೆಸರಿದೆ. ವರ್ಷದ ಅತ್ಯಂತ ಪವಿತ್ರ ದಿನವಾದ ಯೋಮ್ ಕಿಪ್ಪೂರ್, ಪಾಪಗಳಿಗೆ ಕ್ಷಮೆ ಬೇಡಿ ಇಡೀ ದಿನ ನೀರೂ ಕುಡಿಯದೆ ಉಪವಾಸವಿರುವ ದಿನ, ಬೆನೆ ಇಸ್ರೇಲರ ಬಾಯಲ್ಲಿ ‘ದರಫಾಳ್ಣೀಚಾ ಸಣ’ ಆಗಿತ್ತು. ಬಾಗಿಲು ಮುಚ್ಚುವ ಹಬ್ಬ. ಅಂದು ಅವರು ಬಿಳಿ ಬಟ್ಟೆ ತೊಟ್ಟು, ಮನೆಯ ಬಾಗಿಲು ಹಾಕಿಕೊಂಡು, ಹೊರಗಿನವರ ಸಂಪರ್ಕವಿಲ್ಲದೆ ಒಳಗೇ ಇರುತ್ತಿದ್ದರು. ಮರುದಿನ ‘ಶಿಳಾ ಸಣ’, ತಂಗಳಿನ ಹಬ್ಬ. ಅಂದು ಬಾಗಿಲು ತೆರೆದು ದಾನ ಮಾಡುವುದು, ನೆಂಟರಿಷ್ಟರನ್ನು ಕಾಣುವುದು.

2020ರ ಮಾರ್ಚ್ ಕೊನೆಯಿಂದ ಮಹಾರಾಷ್ಟ್ರದ ಎಲ್ಲ ಪೂಜಾಸ್ಥಳಗಳಿಗೂ ಬೀಗ ಬಿತ್ತು. ಠಾಣೆಯ ಟೆಂಭಿ ನಾಕಾದಲ್ಲಿ, ಸಿವಿಲ್ ಆಸ್ಪತ್ರೆಯ ಎದುರು, 1879ರಲ್ಲಿ ಕಟ್ಟಿದ ‘ಶಾರ್ ಹಶಮಾಯಿಮ್’ ಎಂಬ ಸಿನಗಾಗ್ ಇದೆ. ಹೆಸರಿನ ಅರ್ಥ ‘ಸ್ವರ್ಗದ ಬಾಗಿಲು’. ಅದಕ್ಕೂ ಬೀಗ ಬಿತ್ತು. ನಾನಿರುವ ವಾಗ್ಳೆ ಎಸ್ಟೇಟಿನಿಂದ ಅಲ್ಲಿಗೆ ಆಟೋದಲ್ಲಿ ಹೆಚ್ಚು ಹೊತ್ತು ಬೇಡ. 1962ರಲ್ಲಿ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ ಶುರುವಾದಾಗಿನಿಂದ ಕಾರ್ಖಾನೆಗಳಿಂದಲೇ ಹೆಸರಾದ ಈ ಪ್ರದೇಶದಲ್ಲಿ ಕನ್ನಡಿಗರಿಗೆ ಯಹೂದಿಗಳ ವಿಷಯ ಗೊತ್ತಿರುವುದು ಕಡಿಮೆ; ಟೆಂಭಿ ನಾಕಾ ಅಂದರೆ ನಮಗೆ ನವರಾತ್ರಿಯ ದೇವಿ. ಆದರೂ ಈ ಪುಟ್ಟ ಸಮುದಾಯದ ಸಾಂಕ್ರಾಮಿಕದ ಕಥೆಯನ್ನು ನೀವು ಓದಬೇಕು ಅಂತ ನನಗನ್ನಿಸಲು ಒಂದು ಕಾರಣವಿದೆ. ದೇವಸ್ಥಾನ ಮುಚ್ಚಿದರೆ ಪೂಜೆ ಉಳಿಯುತ್ತದೆಯೇ, ಉಳಿದರೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ ಆ ಎರಡು ವರ್ಷ ಎಲ್ಲರನ್ನೂ ಕಾಡಿತು. ಬೆನೆ ಇಸ್ರೇಲರ ಇತಿಹಾಸದಲ್ಲಿ ಆ ಪ್ರಶ್ನೆಗೆ ಒಂದಲ್ಲ, ಎರಡು ಉತ್ತರಗಳಿವೆ. ಅವು ಒಂದಕ್ಕೊಂದು ವಿರುದ್ಧ.

ಮೊದಲ ಉತ್ತರ: ಸಿನಗಾಗ್ ಇಲ್ಲದ ಶತಮಾನಗಳು

ಬೆನೆ ಇಸ್ರೇಲರ ನಂಬಿಕೆಯ ಪ್ರಕಾರ ಅವರ ಪೂರ್ವಜರ ಹಡಗು ಅಲಿಬಾಗಿನ ಹತ್ತಿರದ ನವಗಾಂವ್ ಬಳಿ ಒಡೆಯಿತು. ಬದುಕುಳಿದವರು ಏಳು ಗಂಡಸರು, ಏಳು ಹೆಂಗಸರು. ಪುಸ್ತಕಗಳೆಲ್ಲ ನೀರುಪಾಲಾದವು. ಕಥೆ ಎಷ್ಟು ಹಳೆಯದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಹದಿನೆಂಟನೇ ಶತಮಾನದ ಹೊತ್ತಿಗೆ ಅವರ ಸ್ಥಿತಿ ಹೀಗಿತ್ತು: ಈಗಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಹರಡಿಕೊಂಡಿದ್ದರು, ಗಾಣದಿಂದ ಎಣ್ಣೆ ತೆಗೆಯುವ ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಕೊಟ್ಟ ಹೆಸರು ‘ಶನಿವಾರ ತೇಲಿ’. ಅಡ್ಡಹೆಸರುಗಳು ಊರಿನಿಂದ ಬಂದವು: ಪೆಣ್‌ನವರು ಪೆಣಕರ್, ರೋಹೆಯವರು ರೋಹೆಕರ್, ನವಗಾಂವದವರು ನವಗಾಂವಕರ್. ನಮ್ಮ ಕಡೆಯ ಧಾರವಾಡಕರ್, ಬೆಳಗಾಂವಕರ್ ಇದ್ದಹಾಗೆಯೇ.

ಅವರಿಗೆ ಸಿನಗಾಗ್ ಇರಲಿಲ್ಲ. ತೋರಾ ಸುರುಳಿ ಇರಲಿಲ್ಲ. ರಬ್ಬಿ ಇರಲಿಲ್ಲ. ಇದ್ದದ್ದು ಶನಿವಾರದ ವಿಶ್ರಾಂತಿ, ಗಂಡುಮಕ್ಕಳಿಗೆ ಎಂಟನೇ ದಿನದ ಸುನ್ನತಿ, ಯಾವ ಪ್ರಾಣಿ, ಯಾವ ಮೀನು ತಿನ್ನಬಹುದು ಎಂಬ ನಿಯಮ, ಕೆಲವು ಉಪವಾಸಗಳು, ಮತ್ತು ‘ಶೆಮಾ’ ಎಂಬ ದೇವರ ಏಕತ್ವವನ್ನು ಸಾರುವ ಒಂದೇ ಒಂದು ಹೀಬ್ರೂ ಪ್ರಾರ್ಥನೆ. ಹುಟ್ಟಿದಾಗ, ಮದುವೆಯಲ್ಲಿ, ಸತ್ತಾಗ ಅದನ್ನೇ ಹೇಳುತ್ತಿದ್ದರು. ಜೊತೆಗೆ ‘ಮಲೀದಾ’ ಇತ್ತು, ಇವತ್ತಿಗೂ ಇದೆ. ತಟ್ಟೆಯಲ್ಲಿ ಅವಲಕ್ಕಿ, ಕಾಯಿತುರಿ, ಬೆಲ್ಲ ಅಥವಾ ಸಕ್ಕರೆ, ಖರ್ಜೂರ, ಹಣ್ಣುಗಳನ್ನು ಇಟ್ಟು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಸಲ್ಲಿಸುವ ಹರಕೆ. ಮದುವೆಗೆ, ಗೃಹಪ್ರವೇಶಕ್ಕೆ, ಕಾಯಿಲೆ ವಾಸಿಯಾದರೆ, ಮಗ ಪರೀಕ್ಷೆ ಪಾಸಾದರೆ ಮಲೀದಾ. ಅಲಿಬಾಗ್ ಸಮೀಪದ ಖಂಡಾಳಾ ಎಂಬ ಹಳ್ಳಿಯ ಒಂದು ಬಂಡೆಯ ಮೇಲೆ ಎಲಿಯಾಹುವಿನ ರಥದ ಗುರುತಿದೆ ಎಂದು ನಂಬಿ ಅಲ್ಲಿಗೂ ಹೋಗುತ್ತಾರೆ. ಇದೆಲ್ಲಕ್ಕೂ ಕಟ್ಟಡ ಬೇಕಿಲ್ಲ. ಮನೆ ಸಾಕು, ಅವಲಕ್ಕಿ ಸಾಕು.

ಸಾಂಕ್ರಾಮಿಕದ ಭಾಷೆಯಲ್ಲಿ ಹೇಳುವುದಾದರೆ, ಇದು ಶತಮಾನಗಟ್ಟಲೆ ನಡೆದ ಮನೆಯೊಳಗಿನ ಧರ್ಮ. ಪೂಜಾಸ್ಥಳ ಮುಚ್ಚುವುದು ಇವರಿಗೆ ಹೊಸ ಅನುಭವವಲ್ಲ ಎಂದು ಯಾರಾದರೂ ವಾದಿಸಬಹುದು. ತೆರೆದೇ ಇರದಿದ್ದ ಕಾಲದಲ್ಲೂ ಇವರು ಯಹೂದಿಗಳಾಗಿ ಉಳಿದವರು.

ಎರಡನೇ ಉತ್ತರ: ಹತ್ತು ಮಂದಿ

ಆದರೆ ಯಹೂದಿ ಶಾಸ್ತ್ರ ಬೇರೆಯದನ್ನು ಹೇಳುತ್ತದೆ. ಒಬ್ಬನೇ ಪ್ರಾರ್ಥಿಸಬಹುದು, ಅದಕ್ಕೆ ತಡೆಯಿಲ್ಲ. ಕೆಲವು ಪ್ರಾರ್ಥನೆಗಳಿಗೆ ಮಾತ್ರ ಕನಿಷ್ಠ ಹತ್ತು ಮಂದಿ ಬೇಕು. ಸಾಂಪ್ರದಾಯಿಕ ನಿಯಮದಲ್ಲಿ ಹದಿಮೂರು ದಾಟಿದ ಹತ್ತು ಗಂಡಸರು. ಈ ಕೋರಂಗೆ ‘ಮಿನ್ಯಾನ್’ ಎಂದು ಹೆಸರು. ತೋರಾ ಸುರುಳಿಯನ್ನು ಹೊರತೆಗೆದು ಸಭೆಯಲ್ಲಿ ಓದಲು ಮಿನ್ಯಾನ್ ಬೇಕು. ಸತ್ತವರಿಗಾಗಿ ಮಕ್ಕಳು ಹೇಳುವ ‘ಕದ್ದೀಶ್’ ಹೇಳಲು ಮಿನ್ಯಾನ್ ಬೇಕು. ಒಂಬತ್ತು ಪಂಡಿತರಿದ್ದರೆ ಆಗದು, ಹತ್ತು ಜನ ಚಮ್ಮಾರರಿದ್ದರೆ ಆಗುತ್ತದೆ ಎಂಬರ್ಥದ ಗಾದೆಯೊಂದು ಯೂರೋಪಿನ ಯಹೂದಿಗಳಲ್ಲಿದೆ. ಅಂದರೆ ಜ್ಞಾನಕ್ಕಿಂತ ಹಾಜರಿ ಮುಖ್ಯ.

ಈ ಎರಡನೇ ಉತ್ತರ ಬೆನೆ ಇಸ್ರೇಲರಿಗೆ ಬಂದ ದಾರಿಯಲ್ಲಿ ಕರ್ನಾಟಕವೂ ಇದೆ. ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಮನೆಯವರ ಬಾಯಲ್ಲಿ ಸಾಮಾಜಿ ಹಸಾಜಿ, ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ದೇಶೀ ಅಧಿಕಾರಿಯಾಗಿದ್ದವನು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ. ಸೆರೆಯಾಳುಗಳನ್ನು ವಿಚಾರಿಸಿದಾಗ ತಾವು ‘ಬೆನೆ ಇಸ್ರೇಲ್’ ಎಂದರಂತೆ. ಕುರಾನಿನಲ್ಲಿ ಬರುವ ಆ ಹೆಸರನ್ನು ಕೇಳಿ ಟಿಪ್ಪುವಿನ ತಾಯಿ ಅವರ ಜೀವ ಉಳಿಸಲು ಹೇಳಿದಳಂತೆ. ಇದು ಸಮುದಾಯದೊಳಗೆ ಹೇಳಿಕೊಂಡು ಬಂದ ಕಥೆ. ಕಥೆಯಾಚೆಗಿನ ಸಂಗತಿ ಏನೆಂದರೆ, ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಬೆನೆ ಇಸ್ರೇಲರ ಮೊದಲ ಸಿನಗಾಗ್ ಕಟ್ಟಿಸಿದ. ಅದರ ಹೆಸರು ‘ಶಾರ್ ಹಾರಹಮೀಮ್’, ಕರುಣೆಯ ಬಾಗಿಲು. ಅಲ್ಲಿನ ಬೀದಿಗೆ ಅವನ ಹೆಸರಿನಿಂದ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂದಾಯಿತು. ಬೆನೆ ಇಸ್ರೇಲರು ಮರಾಠಿಯಲ್ಲಿ ಸಿನಗಾಗನ್ನು ‘ಮಶೀದ್’ ಎಂದೇ ಕರೆಯುತ್ತಿದ್ದರು. ಸೆಂಟ್ರಲ್ ಲೈನಿನಲ್ಲಿ ಸಿಎಸ್‌ಎಂಟಿಗೆ ಮುಂಚಿನ ಮಸ್ಜಿದ್ ಸ್ಟೇಷನ್ನಿನ ಹೆಸರು ಈ ಯಹೂದಿ ‘ಮಶೀದಿ’ಯಿಂದಲೇ ಬಂದದ್ದು ಎಂಬುದು ಪ್ರಚಲಿತ ವಿವರಣೆ.

ಮುಂದಿನ ನೂರು ವರ್ಷ ಕಲಿಕೆಯ ಕಾಲ. ಕೊಚ್ಚಿಯ ಯಹೂದಿಗಳು ಬಂದು ಪ್ರಾರ್ಥನಾ ಕ್ರಮ ಕಲಿಸಿದರು. ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಪ್ರಕಟಿಸಿದ. ಮತಾಂತರ ಮಾಡಲು ಬಂದವರ ಪುಸ್ತಕದಿಂದ ಬೆನೆ ಇಸ್ರೇಲರು ತಮ್ಮ ಧರ್ಮವನ್ನೇ ಇನ್ನಷ್ಟು ಗಟ್ಟಿಮಾಡಿಕೊಂಡರು. 1846ರಲ್ಲಿ ಪಾಸ್ಕ ಹಬ್ಬದ ರಾತ್ರಿ ಓದುವ ‘ಹಗ್ಗಾದಾ’ ಮರಾಠಿ ಅನುವಾದದೊಂದಿಗೆ ಮುಂಬಯಿಯಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಮರಾಠಿ ಕೀರ್ತನದ ಧಾಟಿಯಲ್ಲಿ ಬೈಬಲ್ ಕಥೆಗಳನ್ನು ಹಾಡುವ ಪದ್ಧತಿಯೂ ಬೆಳೆಯಿತು. ಅನುವಾದದಿಂದ ಹೊಟ್ಟೆಹೊರೆಯುವ ನನಗೆ ಈ ಕಾಲ ವಿಶೇಷ ಇಷ್ಟ. ಒಂದು ಸಮುದಾಯ ತನ್ನದೇ ಧರ್ಮವನ್ನು ತನ್ನದೇ ತಾಯ್ನುಡಿಗೆ ಅನುವಾದಿಸಿಕೊಂಡು ಮರಳಿ ಪಡೆದ ಉದಾಹರಣೆಗಳು ಹೆಚ್ಚಿಲ್ಲ.

ಆದರೆ ಹತ್ತರ ಲೆಕ್ಕ ಕಲಿತ ಮೇಲೆ ಅದರ ಕಹಿಯನ್ನೂ ಅನುಭವಿಸಬೇಕಾಯಿತು. ಸಸೂನರಂಥ ಶ್ರೀಮಂತ ವ್ಯಾಪಾರಿಗಳಿದ್ದ ಬಾಗ್ದಾದಿ ಯಹೂದಿಗಳಲ್ಲಿ ಹಲವರು ಬೆನೆ ಇಸ್ರೇಲರನ್ನು ತಮ್ಮ ಮಿನ್ಯಾನಿನಲ್ಲಿ ಎಣಿಸಲು ಒಪ್ಪುತ್ತಿರಲಿಲ್ಲ. 1836ರಲ್ಲಿ ಮುಂಬಯಿಯ ಸ್ಮಶಾನದಲ್ಲಿ ತಮ್ಮ ಗೋರಿಗಳಿಗೂ ಬೆನೆ ಇಸ್ರೇಲರ ಗೋರಿಗಳಿಗೂ ನಡುವೆ ಗೋಡೆ ಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಇಸ್ರೇಲ್ ದೇಶಕ್ಕೆ ವಲಸೆ ಹೋದ ಮೇಲೂ ಇದು ಮುಗಿಯಲಿಲ್ಲ. 1960ರ ದಶಕದ ಆರಂಭದಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಕಚೇರಿ ಬೆನೆ ಇಸ್ರೇಲರ ಮದುವೆಗಳ ವಿಷಯದಲ್ಲಿ ವಂಶಾವಳಿಯ ವಿಚಾರಣೆಗೆ ಸೂಚಿಸಿತು. ರಬ್ಬಿಗಳಿಲ್ಲದೆ ಶತಮಾನಗಳನ್ನು ಕಳೆದವರ ಮದುವೆ, ವಿಚ್ಛೇದನಗಳು ಶಾಸ್ತ್ರೋಕ್ತವಾಗಿದ್ದವೇ ಎಂಬುದು ಅವರ ಅನುಮಾನ. ಪ್ರತಿಭಟನೆಗಳಾದವು. 1964ರಲ್ಲಿ ಇಸ್ರೇಲಿನ ಸಂಸತ್ತು ಮಧ್ಯೆ ಬಂದು ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಹೇಳಬೇಕಾಯಿತು. ಮನೆಯೊಳಗಿನ ಧರ್ಮದಿಂದ ಉಳಿದವರಿಗೆ ಆ ಮನೆಯೊಳಗಿನ ಧರ್ಮವೇ ಆರೋಪವಾಯಿತು. ಹಾಗಾಗಿ, “ಮನೆಯಲ್ಲೇ ಪ್ರಾರ್ಥಿಸಿದರಾಯಿತಲ್ಲ” ಎಂಬ ಮಾತು ಇವರ ಕಿವಿಗೆ ನಮಗೆ ಕೇಳಿದಷ್ಟು ಸರಳವಾಗಿ ಕೇಳುವುದಿಲ್ಲ.

ಮಾಂಡವಿ, 1896

2020ಕ್ಕೆ ಮೊದಲು ಮುಂಬಯಿಯನ್ನು ನಡುಗಿಸಿದ ದೊಡ್ಡ ಸಾಂಕ್ರಾಮಿಕಗಳಲ್ಲಿ ಒಂದು ಪ್ಲೇಗು. 1896ರ ಸೆಪ್ಟೆಂಬರಿನಲ್ಲಿ ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೇಗಸ್ ಅದನ್ನು ಮೊದಲು ಗುರುತಿಸಿದ್ದು ಮಾಂಡವಿಯಲ್ಲಿ, ಗೋದಾಮುಗಳೂ ಕಿಕ್ಕಿರಿದ ಚಾಳುಗಳೂ ಇದ್ದ ಅದೇ ಬಂದರು ಪ್ರದೇಶದಲ್ಲಿ. ದಿವೇಕರ್ ಕಟ್ಟಿಸಿದ ಕರುಣೆಯ ಬಾಗಿಲು ಇದ್ದದ್ದೂ, ಬೆನೆ ಇಸ್ರೇಲರ ಹಳೆಯ ಮೊಹಲ್ಲಾ ಇದ್ದದ್ದೂ ಅಲ್ಲೇ. ಲಕ್ಷಾಂತರ ಜನ ಊರು ಬಿಟ್ಟರು. 1897ರ ಮಾರ್ಚಿನಲ್ಲಿ ಪುಣೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ತೀರಿಕೊಂಡರು.

ಆ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದವನು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವನು, ಕಾಲರಾ ಲಸಿಕೆ ಹಿಡಿದು 1893ರಲ್ಲೇ ಭಾರತಕ್ಕೆ ಬಂದಿದ್ದವನು. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಚಿಕ್ಕ ಜಾಗದಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಆಮೇಲೆ ಬೈಕುಲಾ ಜೈಲಿನಲ್ಲಿ ಒಪ್ಪಿಕೊಂಡ ಕೈದಿಗಳ ಮೇಲೆ ಪ್ರಯೋಗ ನಡೆಯಿತು. 1898ರಲ್ಲಿ ಪ್ಲೇಗು ಹುಬ್ಬಳ್ಳಿ–ಧಾರವಾಡಕ್ಕೂ ಬೆಂಗಳೂರಿಗೂ ಮುಟ್ಟಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ ಈ ಲಸಿಕೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಒಂದಾಯಿತು. ಬೆಂಗಳೂರಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಒಂದೇ ರೋಗಕ್ಕೆ ಒಂದು ಕಡೆ ಸಿರಿಂಜು, ಇನ್ನೊಂದು ಕಡೆ ಗುಡಿ. ಎರಡೂ ಒಟ್ಟಿಗೇ ಬಂದವು, ಹಲವರು ಎರಡಕ್ಕೂ ಹೋದರು.

ಹಾಫ್‌ಕಿನ್‌ನ ಕಥೆ ಸುಖಾಂತವಲ್ಲ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹೊಣೆ ಅವನ ಮೇಲೆ ಬಂತು, ಕೆಲಸ ಹೋಯಿತು. ತಪ್ಪು ಪ್ರಯೋಗಾಲಯದ್ದಲ್ಲ, ಸ್ಥಳದಲ್ಲಿ ಸೀಸೆ ತೆರೆಯುವಾಗ ಆದದ್ದು ಎಂದು ಒಪ್ಪಿಕೊಂಡು ಅವನನ್ನು ದೋಷಮುಕ್ತನೆಂದದ್ದು 1907ರಲ್ಲಿ. ಪರೇಲಿನ ಅವನ ಪ್ರಯೋಗಾಲಯಕ್ಕೆ 1925ರಲ್ಲಿ ಅವನ ಹೆಸರಿಟ್ಟರು. ಈ ವಿಜ್ಞಾನಿ 1916ರಲ್ಲಿ ಯಹೂದಿ ಸಂಪ್ರದಾಯ ನಿಷ್ಠೆಯ ಪರವಾಗಿ ಒಂದು ದೀರ್ಘ ಲೇಖನ ಬರೆದ. ವಿಜ್ಞಾನ ಬಂದರೆ ಆಚರಣೆ ಹೋಗುತ್ತದೆ ಎಂದುಕೊಳ್ಳುವವರಿಗೆ ಅವನು ಒಗ್ಗುವ ಉದಾಹರಣೆಯಲ್ಲ.

ಅದೇ 1897, ಇನ್ನೆರಡು ಕಾರಣಗಳಿಗೆ ನಮಗೆ ಮುಖ್ಯ. ಹಾಯಿಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಎಂಬ ಬೆನೆ ಇಸ್ರೇಲ್ ಶಿಕ್ಷಣತಜ್ಞ ತನ್ನ ಸಮುದಾಯದ ಇತಿಹಾಸವನ್ನು ಬರೆದು ಮುಗಿಸಿದ್ದು ಆ ವರ್ಷ. ಅದು ಅಚ್ಚಾದದ್ದು ನಲವತ್ತು ವರ್ಷದ ಮೇಲೆ, 1937ರಲ್ಲಿ, ಟೆಲ್ ಅವೀವ್‌ನಲ್ಲಿ. ಬಾಗಿಲು ಮುಚ್ಚುವ ಹಬ್ಬದಂಥ ಹಳೆಯ ಹೆಸರುಗಳನ್ನು ನಾವು ಇಂದು ತಿಳಿಯಲು ಆ ಪುಸ್ತಕ ದೊಡ್ಡ ಆಧಾರ. ಎರಡನೆಯದು, ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮನೆಗಳನ್ನು ಶೋಧಿಸಲು, ಜನರನ್ನು ಬೇರ್ಪಡಿಸಲು, ಗುಂಪು ಸೇರುವುದನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಟ್ಟ ಕೆಲವೇ ಕಲಮುಗಳ ಕಾಯ್ದೆ. 2020ರ ಮಾರ್ಚಿನಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಪಾಟಿನಿಂದ ಹೊರತೆಗೆದದ್ದು ಅದನ್ನೇ.

ಶಾಸ್ತ್ರ ಬಗ್ಗುವ ರೀತಿ

ಸಾಂಕ್ರಾಮಿಕದಲ್ಲಿ ಸಭೆ ಸೇರಬಹುದೇ ಎಂಬ ಪ್ರಶ್ನೆ ಯಹೂದಿ ಶಾಸ್ತ್ರಕ್ಕೆ ಹೊಸದಲ್ಲ. ಜೀವ ಉಳಿಸುವುದು ಹೆಚ್ಚುಕಡಿಮೆ ಎಲ್ಲ ವಿಧಿಗಳಿಗಿಂತ ಮೇಲು ಎಂಬುದು ಅದರ ಮೂಲ ತತ್ವಗಳಲ್ಲಿ ಒಂದು. 1831ರಲ್ಲಿ ಕಾಲರಾ ಬಂದಾಗ ಪೋಸೆನ್ ಪಟ್ಟಣದ ರಬ್ಬಿ ಅಕೀವಾ ಎಯ್ಗರ್ ಇಕ್ಕಟ್ಟಾದ ಸಿನಗಾಗಿನಲ್ಲಿ ಒಮ್ಮೆಗೆ 15 ಮಂದಿಗಿಂತ ಹೆಚ್ಚು ಸೇರಬಾರದೆಂದು ಬರೆದ. ಪಾಳಿಯ ಮೇಲೆ ಪ್ರಾರ್ಥನೆ ನಡೆಯಲಿ, ಹೆಚ್ಚು ಜನ ನುಗ್ಗದಂತೆ ಕಾವಲು ಇರಲಿ ಎಂದ. 1848ರ ಕಾಲರಾದಲ್ಲಿ ವಿಲ್ನಾದ ರಬ್ಬಿ ಇಸ್ರಾಯೆಲ್ ಸಲಾಂಟರ್ ಯೋಮ್ ಕಿಪ್ಪೂರ್ ದಿನವೇ ಜನ ಊಟ ಮಾಡಬೇಕೆಂದು ಹೇಳಿದ. ಸಭೆಯ ಮುಂದೆ ತಾನೇ ತಿಂದು ತೋರಿಸಿದ ಎಂದೂ ಹೇಳುತ್ತಾರೆ.

2020ರಲ್ಲಿ ಈ ಹಳೆಯ ತೀರ್ಪುಗಳನ್ನು ಜಗತ್ತಿನಾದ್ಯಂತ ಮತ್ತೆ ಓದಿದರು. ಇಸ್ರೇಲಿನಲ್ಲಿ ಜನ ತಂತಮ್ಮ ಬಾಲ್ಕನಿಗಳಲ್ಲಿ ನಿಂತು, ಒಬ್ಬರಿಗೊಬ್ಬರು ಕಾಣುವಂತೆ, ಹತ್ತರ ಲೆಕ್ಕ ತುಂಬಿಸಿದರು. ಅಮೆರಿಕದ ಕನ್ಸರ್ವೇಟಿವ್ ಪಂಥ ತುರ್ತು ಸ್ಥಿತಿಯಲ್ಲಿ ವಿಡಿಯೋ ಕರೆಯ ಮೂಲಕವೂ ಮಿನ್ಯಾನ್ ಎಣಿಸಲು ದಾರಿ ಬಿಟ್ಟಿತು. ಸಾಂಪ್ರದಾಯಿಕ ಪಂಥದವರು ಒಪ್ಪಲಿಲ್ಲ: ಹತ್ತು ಮಂದಿ ಒಂದು ಜಾಗದಲ್ಲಿರಬೇಕು, ಹತ್ತು ಚೌಕಗಳಲ್ಲಲ್ಲ. ಶನಿವಾರ ಮತ್ತು ಹಬ್ಬದ ದಿನ ವಿದ್ಯುತ್ ಉಪಕರಣ ಬಳಸಬಾರದೆಂಬ ನಿಯಮ ಬೇರೆ. ಪಾಸ್ಕದ ಮೊದಲ ರಾತ್ರಿಗಾದರೂ ಅಜ್ಜ ಅಜ್ಜಿಯರು ಒಂಟಿಯಾಗದಿರಲಿ ಎಂದು ಇಸ್ರೇಲಿನ ಕೆಲವು ಸೆಫಾರ್ದಿ ರಬ್ಬಿಗಳು ಜೂಮ್‌ಗೆ ಅನುಮತಿ ಕೊಟ್ಟಾಗ ಮುಖ್ಯ ರಬ್ಬಿಗಳ ಕಚೇರಿ ವಿರೋಧಿಸಿತು. ಹೊರಗಿನಿಂದ ನೋಡಿದರೆ ಇದು ಕೂದಲು ಸೀಳುವ ವಾದ. ಒಳಗಿನಿಂದ ನೋಡಿದರೆ ಪ್ರಶ್ನೆ ಗಂಭೀರ: ಹಾಜರಿ ಅಂದರೆ ಏನು?

ಎರಡು ಪಂಚಾಂಗ

ಮಹಾರಾಷ್ಟ್ರದಲ್ಲಿ ಆ ಎರಡು ವರ್ಷ ಪೂಜಾಸ್ಥಳಗಳು ಮುಚ್ಚಿದ್ದು, ತೆರೆದದ್ದರ ದಿನಾಂಕಗಳನ್ನು ಯಹೂದಿ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಪಾಸ್ಕದ ಮೊದಲ ರಾತ್ರಿ ಏಪ್ರಿಲ್ 8. ಲೋಕಲ್ ರೈಲುಗಳಿಲ್ಲ, ಕಲ್ಯಾಣ, ಡೊಂಬಿವಲಿಯ ನೆಂಟರು ಬರುವಂತಿಲ್ಲ, ಅಂತರರಾಷ್ಟ್ರೀಯ ವಿಮಾನಗಳಿಲ್ಲವಾದ್ದರಿಂದ ಇಸ್ರೇಲಿನಲ್ಲಿರುವ ಮಕ್ಕಳೂ ಬರುವಂತಿಲ್ಲ. ಈಜಿಪ್ಟಿನ ಮೇಲೆ ಕೊನೆಯ ಪಿಡುಗು ಹಾದುಹೋದ ರಾತ್ರಿ ಯಾರೂ ಬೆಳಗಿನವರೆಗೆ ಮನೆಯ ಬಾಗಿಲು ದಾಟಬಾರದೆಂದು ಮೋಶೆ ಹೇಳಿದ ಕಥೆಯನ್ನು ಓದುವ ಹಬ್ಬ ಅದು. ಆ ವರ್ಷ ಓದುವವರೆಲ್ಲ ಬಾಗಿಲೊಳಗೇ ಇದ್ದರು. ಈ ಹಬ್ಬ ಮೂಲತಃ ಮನೆಯದೇ. ದ್ರಾಕ್ಷಾರಸದ ಬದಲು ಒಣದ್ರಾಕ್ಷಿಯನ್ನು ನೆನೆಸಿ ಹಿಂಡಿದ ಶರಬತ್ತು ಮಾಡುವ ಬೆನೆ ಇಸ್ರೇಲ್ ರೂಢಿಗೆ ಅಂಗಡಿಯ ಹಂಗೂ ಕಡಿಮೆ. ಮೊದಲ ಉತ್ತರ ಇಲ್ಲಿ ಕೈಕೊಡಲಿಲ್ಲ.

ಜೂನ್ 8ರಿಂದ ಕೇಂದ್ರ ಸರ್ಕಾರ ಪೂಜಾಸ್ಥಳಗಳನ್ನು ತೆರೆಯಬಹುದೆಂದಿತು. ಕರ್ನಾಟಕದಲ್ಲಿ ದೇವಸ್ಥಾನಗಳು ತೆರೆದವು. ಸೋಂಕು ಏರುತ್ತಿದ್ದ ಮಹಾರಾಷ್ಟ್ರ ತೆರೆಯಲಿಲ್ಲ. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಪರ್ಯೂಷಣದ ಕೊನೆಯ ದಿನಗಳಿಗೆ ಮುಂಬಯಿಯ ಮೂರು ಜೈನ ಬಸದಿಗಳಿಗೆ ಮಾತ್ರ ಷರತ್ತಿನ ಅನುಮತಿ ಕೊಟ್ಟಿತು. ಗಣೇಶನ ಮೂರ್ತಿಗೆ ನಾಲ್ಕು ಅಡಿಯ ಮಿತಿ ಬಂತು. ಸೆಪ್ಟೆಂಬರ್ 18ರ ಸಂಜೆ ರೋಶ್ ಹಶಾನಾ, 27ರ ಸಂಜೆ ಯೋಮ್ ಕಿಪ್ಪೂರ್, ಆಮೇಲೆ ಸುಕ್ಕೋತ್. ಎಲ್ಲವೂ ಮುಚ್ಚಿದ ಬಾಗಿಲ ಹೊರಗೇ ಕಳೆದವು. ನವೆಂಬರ್ 16ರಂದು, ದೀಪಾವಳಿಯ ಪಾಡ್ಯದಂದು, ರಾಜ್ಯದ ಪೂಜಾಸ್ಥಳಗಳು ತೆರೆದವು.

2021ರಲ್ಲಿ ಪಾಸ್ಕದ ಮೊದಲ ರಾತ್ರಿ ಮಾರ್ಚ್ 27. ಅದು ಮುಗಿಯುತ್ತಿದ್ದಂತೆ, ಏಪ್ರಿಲ್ 5ರಿಂದ, ಎರಡನೇ ಅಲೆಯ ನಿರ್ಬಂಧಗಳಲ್ಲಿ ಪೂಜಾಸ್ಥಳಗಳು ಮತ್ತೆ ಮುಚ್ಚಿದವು. ಆ ವರ್ಷ ರೋಶ್ ಹಶಾನಾ ಸೆಪ್ಟೆಂಬರ್ 6ರ ಸಂಜೆಗೇ ಬಂತು, ಯೋಮ್ ಕಿಪ್ಪೂರ್ 15ರ ಸಂಜೆ. ತೋರಾ ಓದು ಒಂದು ಸುತ್ತು ಮುಗಿದು ಮತ್ತೆ ಶುರುವಾಗುವ, ಸುರುಳಿಗಳನ್ನು ಹೊತ್ತು ಕುಣಿಯುವ ಸಿಮ್ಹಾತ್ ತೋರಾ ತಿಂಗಳ ಕೊನೆಗೆ. ಪೂಜಾಸ್ಥಳಗಳು ತೆರೆದದ್ದು ಅಕ್ಟೋಬರ್ 7ರಂದು, ನವರಾತ್ರಿಯ ಘಟಸ್ಥಾಪನೆಯ ದಿನ. ಹೀಗೆ ಎರಡೂ ವರ್ಷ ಯಹೂದಿಗಳ ಅತಿ ಮುಖ್ಯ ಹಬ್ಬಗಳ ಸಾಲು ಮುಗಿದ ಮೇಲೆಯೇ ಬಾಗಿಲು ತೆರೆಯಿತು. ಎರಡನೇ ಸಲ ಸುಮಾರು ಒಂದು ವಾರದ ಅಂತರ.

ಇದರಲ್ಲಿ ಯಾರ ದ್ವೇಷವೂ ಇಲ್ಲ. ಈದ್, ಗಣೇಶೋತ್ಸವ, ಈಸ್ಟರ್ ಎಲ್ಲವೂ ಆ ಕಾಲದಲ್ಲಿ ಪೆಟ್ಟು ತಿಂದವು. ಆಸ್ಪತ್ರೆಯ ಹಾಸಿಗೆಗಳ ಲೆಕ್ಕ ಮೊದಲು ಬರಬೇಕಿತ್ತು, ಬಂತು. ಆದರೆ ತೆರೆಯುವ ದಿನವನ್ನು ಆರಿಸುವಾಗ ಯಾವ ಪಂಚಾಂಗ ಸರ್ಕಾರದ ಮೇಜಿನ ಮೇಲಿರುತ್ತದೆ ಎಂಬುದು ಸಂಖ್ಯೆಯ ಮಾತು. 2011ರ ಜನಗಣತಿಯಲ್ಲಿ ಇಡೀ ದೇಶದ ಯಹೂದಿಗಳು ಸುಮಾರು ನಾಲ್ಕೂವರೆ ಸಾವಿರ, ಅದರಲ್ಲಿ ಅರ್ಧದಷ್ಟು ಮಹಾರಾಷ್ಟ್ರದಲ್ಲಿ. ರಾಜ್ಯ ಅವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟದ್ದೇ 2016ರಲ್ಲಿ. ಅಷ್ಟು ಸಣ್ಣ ಸಮುದಾಯದ ಹಬ್ಬ ಯಾರ ನಿರ್ಲಕ್ಷ್ಯವೂ ಇಲ್ಲದೆ ತಪ್ಪಿಹೋಗಬಲ್ಲದು.

ಇದಕ್ಕಿಂತ ತೀವ್ರವಾದದ್ದು ಸಾವಿನ ಪ್ರಶ್ನೆ. ಯಹೂದಿಗಳು ಶವವನ್ನು ಸುಡುವುದಿಲ್ಲ. ತಮ್ಮವರೇ ತೊಳೆದು, ಬಿಳಿ ಬಟ್ಟೆ ಸುತ್ತಿ, ಆದಷ್ಟು ಬೇಗ ಮಣ್ಣು ಮಾಡುತ್ತಾರೆ. 2020ರ ಮಾರ್ಚ್ 30ರಂದು ಮುಂಬಯಿ ಮಹಾನಗರಪಾಲಿಕೆ, ಕೋವಿಡ್‌ನಿಂದ ಸತ್ತವರನ್ನು ಧರ್ಮ ಯಾವುದಾದರೂ ಸುಡಲೇಬೇಕೆಂದು ಸುತ್ತೋಲೆ ಹೊರಡಿಸಿತು. ವಿರೋಧ ಬಂದು ಅದೇ ದಿನ ಅದನ್ನು ಸಡಿಲಿಸಿತು. ಹೂಳಲು ಅವಕಾಶ ಉಳಿಯಿತು, ತೊಳೆಯಲು ಉಳಿಯಲಿಲ್ಲ. ಕೇಂದ್ರದ ಮಾರ್ಗಸೂಚಿಯಲ್ಲಿ ಶವಕ್ಕೆ ಸ್ನಾನ ಮಾಡಿಸುವುದಕ್ಕೆ ತಡೆಯಿತ್ತು.

ಇಲ್ಲೇ ಒಂದು ವಿಚಿತ್ರವೂ ಇದೆ. ಲಾಕ್‌ಡೌನಿನ ನಿಯಮದಲ್ಲಿ ಅಂತ್ಯಕ್ರಿಯೆಗೆ 20 ಮಂದಿ ಸೇರಬಹುದಿತ್ತು. ಪ್ರಾರ್ಥನೆಗೆ ಯಾರೂ ಸೇರುವಂತಿರಲಿಲ್ಲ. ಅಂದರೆ ಕಾಗದದ ಮೇಲಾದರೂ, ಹತ್ತು ಯಹೂದಿಗಳು ಕಾನೂನುಬದ್ಧವಾಗಿ ಒಟ್ಟಿಗೆ ನಿಂತು ಪ್ರಾರ್ಥಿಸಬಹುದಾಗಿದ್ದ ಒಂದೇ ಜಾಗ ಗೋರಿಯ ಪಕ್ಕ. ಮಗ ಅಲ್ಲಿ ಒಮ್ಮೆ ಕದ್ದೀಶ್ ಹೇಳಬಹುದು. ಆಮೇಲೆ ಹನ್ನೊಂದು ತಿಂಗಳು ಅದನ್ನು ಹೇಳುತ್ತಾ ಹೋಗಬೇಕು, ಅದಕ್ಕೆ ಪ್ರತಿಸಲ ಹತ್ತು ಮಂದಿ ಬೇಕು. ಏಪ್ರಿಲ್‌ನಲ್ಲಿ ತಂದೆಯನ್ನು ಕಳೆದುಕೊಂಡವನಿಗೆ ಆ ಹನ್ನೊಂದು ತಿಂಗಳಲ್ಲಿ ಏಳು ತಿಂಗಳು ಸಿನಗಾಗಿಗೆ ಬೀಗ. ಹಬ್ಬ ಮುಂದಿನ ವರ್ಷ ಬರುತ್ತದೆ, ಅವಲಕ್ಕಿ ಮನೆಯಲ್ಲೇ ಇದೆ. ಇದೊಂದಕ್ಕೆ ಮಾತ್ರ ಮೊದಲ ಉತ್ತರದಲ್ಲಿ ಪರಿಹಾರವಿಲ್ಲ. ಸತ್ತವರಿಗೆ ಶೆಮಾ ಹೇಳುತ್ತಿದ್ದ ಹಳೆಯ ಬೆನೆ ಇಸ್ರೇಲರಿಗೆ ಹತ್ತು ಮಂದಿ ಬೇಕೆಂಬುದು ಗೊತ್ತಿರಲಿಲ್ಲ. ಅವರ ಮರಿಮಕ್ಕಳಿಗೆ ಗೊತ್ತಿದೆ. ಗೊತ್ತಾದುದನ್ನು ಗೊತ್ತಿಲ್ಲದಂತೆ ಮಾಡಿಕೊಳ್ಳಲು ಬರುವುದಿಲ್ಲ.

ಹೆಸರುಗಳು ಹೇಳುವುದು

ಮತ್ತೆ ಹೆಸರುಗಳಿಗೆ ಬರುತ್ತೇನೆ. ಯೋಮ್ ಕಿಪ್ಪೂರ್ ದಿನದ ಕೊನೆಯ ಪ್ರಾರ್ಥನೆಗೆ ಹೀಬ್ರೂವಿನಲ್ಲಿ ‘ನೆಯಿಲಾ’ ಎನ್ನುತ್ತಾರೆ. ಅರ್ಥ, ಬಾಗಿಲು ಹಾಕುವುದು. ಸಂಜೆ ಜೆರುಸಲೇಮಿನ ದೇಗುಲದ ಬಾಗಿಲು ಹಾಕುವ ಹೊತ್ತು, ಸ್ವರ್ಗದಲ್ಲಿ ಕ್ಷಮೆಯ ಬಾಗಿಲು ಮುಚ್ಚುವ ಹೊತ್ತು. ಕೊಂಕಣದ ಹಳ್ಳಿಗಳಲ್ಲಿ ಈ ಹೀಬ್ರೂ ಪದ ಮರೆತುಹೋಗಿ ಅದರ ಮರಾಠಿ ಅನುವಾದ ಮಾತ್ರ ‘ದರಫಾಳ್ಣಿ’ಯಾಗಿ ಉಳಿದಿರಬಹುದೇ? ಇದು ನನ್ನ ಊಹೆ. ಊಹೆ ಸರಿಯಾಗಿದ್ದರೆ ಅರ್ಥ ದಾಟಿ ಬಂದ ದಾರಿ ಕುತೂಹಲದ್ದು. ಸ್ವರ್ಗದ ಬಾಗಿಲು ಮುಚ್ಚುವ ಮಾತು ಮನೆಯ ಬಾಗಿಲು ಮುಚ್ಚುವ ಆಚರಣೆಯಾಯಿತು. ಅನುವಾದದಲ್ಲಿ ಕಳೆದುಹೋಯಿತು ಎನ್ನುವ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಇಲ್ಲಿ ಮೂಲವೇ ಕಳೆದುಹೋಗಿತ್ತು, ಅನುವಾದ ಕಾಪಾಡಿತು.

ಟೆಂಭಿ ನಾಕಾದ ಸಿನಗಾಗಿನ ಹೆಸರೂ ಹಾಗೆಯೇ. ‘ಸ್ವರ್ಗದ ಬಾಗಿಲು’ ಎಂಬ ಮಾತು ಬರುವುದು ಬೈಬಲಿನ ಆದಿಕಾಂಡದಲ್ಲಿ. ಮನೆ ಬಿಟ್ಟು ಓಡಿಬಂದ ಯಾಕೋಬ ರಾತ್ರಿ ಬಯಲಲ್ಲಿ ಕಲ್ಲನ್ನು ತಲೆದಿಂಬು ಮಾಡಿ ಮಲಗುತ್ತಾನೆ, ಆಕಾಶಕ್ಕೆ ಏಣಿ ನಿಂತ ಕನಸು ಕಾಣುತ್ತಾನೆ, ಎದ್ದು ಆ ಜಾಗವನ್ನು ಸ್ವರ್ಗದ ಬಾಗಿಲು ಎಂದು ಕರೆಯುತ್ತಾನೆ. ಅಲ್ಲಿ ಕಟ್ಟಡವಿರಲಿಲ್ಲ, ಬಾಗಿಲೂ ಇರಲಿಲ್ಲ, ಹತ್ತು ಮಂದಿಯೂ ಇರಲಿಲ್ಲ. ಒಬ್ಬನೇ ಇದ್ದ. ಆದರೆ ಆ ಹೆಸರಿಟ್ಟು ಜನ ಕಟ್ಟಿದ್ದು ಗೋಡೆ, ಬಾಗಿಲು, ಬೆಂಚುಗಳಿರುವ ಮನೆಯನ್ನು. ಒಬ್ಬನೇ ಇರುವುದು ಯಾರಿಗೂ ಬೇಕಿರಲಿಲ್ಲ. ಬೆನೆ ಇಸ್ರೇಲರ ಎರಡು ಉತ್ತರಗಳೂ ಆ ಒಂದೇ ಹೆಸರಿನಲ್ಲಿವೆ. ಸಾಂಕ್ರಾಮಿಕ ಮೊದಲನೆಯದು ಇನ್ನೂ ಜೀವಂತವಿದೆ ಎಂದು ತೋರಿಸಿತು. ಎರಡನೆಯದು ಯಾಕೆ ಬೇಕಾಯಿತು ಎಂಬುದನ್ನೂ ತೋರಿಸಿತು.

2022ರ ಏಪ್ರಿಲ್ ಹೊತ್ತಿಗೆ ಮಹಾರಾಷ್ಟ್ರದ ಕೋವಿಡ್ ನಿರ್ಬಂಧಗಳೆಲ್ಲ ತೆರವಾದವು. ಆ ವರ್ಷ ಯೋಮ್ ಕಿಪ್ಪೂರ್ ಅಕ್ಟೋಬರ್ 4ರ ಸಂಜೆ ಶುರುವಾಗಿ 5ರ ರಾತ್ರಿ ಮುಗಿಯಿತು. ಅಕ್ಟೋಬರ್ 5, ವಿಜಯದಶಮಿ. ಎರಡು ವರ್ಷ ಬೇರೆ ಬೇರೆ ದಾರಿ ಹಿಡಿದಿದ್ದ ಪಂಚಾಂಗಗಳು ಆ ದಿನ ಒಂದೇ ನಾಕಾದಲ್ಲಿ ಎದುರಾದವು: ಒಂದು ಕಡೆ ಟೆಂಭಿ ನಾಕಾದ ದೇವಿಯ ಕೊನೆಯ ದಿನ, ಇನ್ನೊಂದು ಕಡೆ ನೆಯಿಲಾ. ಬಾಗಿಲು ಮುಚ್ಚುವ ಪ್ರಾರ್ಥನೆಯನ್ನು ಮೂರು ವರ್ಷದ ಮೇಲೆ ಮತ್ತೆ ತೆರೆದ ಬಾಗಿಲೊಳಗೆ ಹೇಳಬಹುದಾಯಿತು.